ಎರಡು ಹನಿ ತೆಂಗಿನೆಣ್ಣೆ

ಮೊನ್ನೆ ಬೆಳಿಗ್ಗೆ ತಲೆಗೆ ಹಚ್ಚಲು ಬಾಟಲಿ ತೆಗೆದರೆ ತೆಂಗಿನೆಣ್ಣೆ ಕುತ್ತಿಗೆಯ ತನಕ ಬೆಳ್ಳಗೆ ಗಟ್ಟಿಯಾಗಿತ್ತು. ತಲೆಕೆಳಗು ಮಾಡಿದರೂ ಹನಿ ಇಳಿಯಲಿಲ್ಲ. ನಮ್ಮ ಅಘನಾಶಿನಿಯಲ್ಲಿ ಹೀಗಾಗುವುದು ವರ್ಷಕ್ಕೆ ನಾಲ್ಕೈದು ದಿನ, ಥಂಡಿ ಜೋರಾದಾಗ ಮಾತ್ರ. ಬೇರೆಯವರು ಬಾಟಲಿಯನ್ನು ಬಿಸಿಲಿಗಿಟ್ಟು ಮರೆಯುತ್ತಾರೆ. ನನಗೆ ಆ ಬಿಳಿ ಕಂಡರೆ ಮಿಲಿಟ್ರಿ ಮಾಸ್ತರರ ಮುಖ ಎದುರಿಗೆ ಬರುತ್ತದೆ...

ಅವರು ಹೊನ್ನಾವರ ಕಡೆಯವರು. ಸೈನ್ಯದ ನೌಕರಿ ಮುಗಿಸಿ ಬಂದು ನಮ್ಮ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದರು. ಕುಮಟೆಯ ಒಂದು ಹಳೇ ಶೆಡ್ಡಿನಲ್ಲಿ ಮಕ್ಕಳಿಗೆ ಏರ್ ರೈಫಲ್ ಕಲಿಸುತ್ತಿದ್ದರು. ಅದು ಹಂದಿ ಹೊಡೆಯುವ ಕೋವಿಯಲ್ಲ, ಕಾಗದದ ಮೇಲಿನ ಚುಕ್ಕೆಗೆ ಸಣ್ಣ ಸೀಸದ ಗುಂಡು ಹಾರಿಸುವ ಕೋವಿ. ನನಗೆ ನಗು ಬರುತ್ತಿತ್ತು.

"ಮಾಸ್ತರೇ, ಆ ಕಾಗದ ನಿಮಗೆ ಎಂತ ತಪ್ಪು ಮಾಡಿತ್ತು?"

"ನಿಮ್ಮ ಬಳಚು ಎಂತ ತಪ್ಪು ಮಾಡಿತ್ತು ಅಕ್ಕಾ? ದಿನಾ ಅದರ ಬಾಯಿ ಬಿಡಿಸ್ತೀರಲ್ಲ."

ಹೊಳೆಯ ಕೆಸರಿನಲ್ಲಿ ಬಳಚು ಆರಿಸಿ, ಚಿಪ್ಪು ಬಿಡಿಸಿ ಮಾರುವುದು ನನ್ನ ಕಸುಬು. ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು. ಆದರೆ ನನ್ನ ಹತ್ತಿರವೇ ಬೆಳೆದ ಮೊಮ್ಮಗಳಿಗೆ ಕೈ ಗಟ್ಟಿಯಿದೆ, ಕಣ್ಣು ಚುರುಕಿದೆ ಎಂದು ಮಾಸ್ತರರು ಹೇಳಿದಾಗ ನಾನೇ ಅವಳನ್ನು ಕಳಿಸಿದೆ. ಅವಳ ಅಪ್ಪ, ಅಂದರೆ ನನ್ನ ಮಗ, ಭಟ್ಕಳದಲ್ಲಿ ಬೋಟಿನ ಮೇಲಿದ್ದ. ಮೂರು ವರ್ಷ ಸುಮ್ಮನಿದ್ದು, ಕೊನೆಗೆ ಒಂದು ಮಾತು ಹೇಳಿದ. ಘಟ್ಟದ ಮೇಲೆ ನಡೆಯುವ ರಾಜ್ಯ ತಂಡದ ಆಯ್ಕೆಯಲ್ಲಿ ಗೆದ್ದರೆ ಕಾಲೇಜು, ಕೋವಿ ಎರಡೂ ಇರಲಿ. ಇಲ್ಲವಾದರೆ ಎರಡೂ ಸಾಕು, ಭಟ್ಕಳಕ್ಕೆ ಬಂದು ಹೊಲಿಗೆ ಕಲಿಯಲಿ.

ಆ ವರ್ಷವೇ ಟ್ರಿಗರ್ ಜಗಳ ಹುಟ್ಟಿದ್ದು. ಮಾಸ್ತರರ ರೈಫಲ್ಲಿನಲ್ಲಿ ಕಂಪನಿಯಿಂದ ಬಂದ ಟ್ರಿಗರ್ರೇ ಇತ್ತು. ಅದು ಬಿಗಿ. ಬೇರೆ ಊರಿನ ಮಕ್ಕಳೆಲ್ಲ ಅದನ್ನು ತೆಗೆಸಿ, ಮುಟ್ಟಿದರೆ ಬಿಡುವಂಥ ಹಗುರದ್ದನ್ನು ಹಾಕಿಸಿಕೊಂಡಿದ್ದರು. ಮೊಮ್ಮಗಳಿಗೂ ಅದೇ ಬೇಕಿತ್ತು. ಮಾಸ್ತರರು ಒಪ್ಪಲಿಲ್ಲ. "ನಿನ್ನ ಬೆರಳು ಮೂರು ವರ್ಷ ಇದರ ಸಂಗಡ ಸಂಸಾರ ಮಾಡಿದೆ. ಎಲ್ಲಿ ಬಿಗಿ, ಎಲ್ಲಿ ಬಿಡ್ತದೆ ಅಂತ ಅದಕ್ಕೆ ಗೊತ್ತು. ಈಗ ಹೊಸದು ಹಾಕಿದ್ರೆ ಬೆರಳೂ ಹೊಸದು ಬೇಕು," ಎಂದರು. ನನಗೆ ಆ ಮಾತು ಅರ್ಥವಾಗಿತ್ತು. ಬಳಚಿನ ಬಾಯಿಯೂ ಹಾಗೆಯೇ, ಎಷ್ಟು ಒತ್ತಿದರೆ ಬಿಡುತ್ತದೆ ಎಂದು ಕೈ ಕಲಿಯಬೇಕು. ಅರ್ಥವಾಗಿಯೂ ನಾನು ಆ ಕೆಲಸ ಮಾಡಿದೆ.

ಆಯ್ಕೆಗೆ ಹೊರಡುವ ದಿನ ಮಧ್ಯಾಹ್ನ ಅವಳು ಬೆರಳು ನೀವಿಕೊಳ್ಳುತ್ತ ಕೂತಿದ್ದಳು. ಬೆರಳ ತುದಿ ಕೆಂಪಾಗಿತ್ತು. ರೈಫಲ್ ನಮ್ಮ ಜಗಲಿಯ ಮೇಲಿತ್ತು. ಎಂತದೂ ಮುಟ್ಟಬೇಡಿ ಎಂದು ಮಾಸ್ತರರು ಹೇಳಿಯೇ ಇಟ್ಟುಹೋಗಿದ್ದರು. ಬಾಗಿಲ ತಿರುಗಣಿಗೆ, ಬಾವಿಯ ಗಾಲಿಗೆ, ಮೆಟ್ಟುಗತ್ತಿಗೆ, ಬಿಗಿಯಾದ ಎಲ್ಲದಕ್ಕೂ ನಾವು ಹಾಕುವುದು ತೆಂಗಿನೆಣ್ಣೆ. ಅವಳು ಸ್ನಾನಕ್ಕೆ ಹೋದಾಗ ಕೋಳಿಗರಿ ಅದ್ದಿ ಟ್ರಿಗರ್ ಸಂದಿಗೆ ಎರಡು ಹನಿ ಬಿಟ್ಟೆ. ಒತ್ತಿ ನೋಡಿದೆ, ನಯವಾಗಿತ್ತು. ಯಾರಿಗೂ ಹೇಳಲಿಲ್ಲ.

ಅದು ಮೇ ತಿಂಗಳು. ಬಸ್ಸಿನಲ್ಲಿ ಎಲ್ಲರೂ ಬೆವೆತು ನೀರಾಗಿದ್ದೆವು. ಆದರೆ ಆಯ್ಕೆ ನಡೆಯುವ ಹಾಲ್‌ ಒಳಗೆ ಹೋದರೆ ಮೈ ಕೊರೆಯುವ ಎ.ಸಿ. ನಾನು ಸೆರಗು ಹೊದ್ದು ಕೂತೆ. ಸೆಕೆಗಾಲದಲ್ಲಿ ದುಡ್ಡು ಕೊಟ್ಟು ಥಂಡಿ ಮಾಡಿಕೊಳ್ಳುವ ಜಾಗ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

ಮೊದಮೊದಲ ಗುಂಡುಗಳು ಚುಕ್ಕೆಯಲ್ಲೇ ಬಿದ್ದವು. ಆಮೇಲೆ ಅವಳು ಒತ್ತಿದರೆ ಟ್ರಿಗರ್ ಬರಲಿಲ್ಲ. ಮತ್ತೆ ಒತ್ತಿದಳು, ತಡೆದು ತಡೆದು, ಅವಳು ಉಸಿರು ಬಿಟ್ಟ ಮೇಲೆ ಹಾರಿತು. ಒಂದು ಗುಂಡು ಕಾಗದದ ಅಂಚಿಗೆ. ಇನ್ನೊಂದು ಕಾಗದಕ್ಕೇ ತಾಗಲಿಲ್ಲ. ಹೆಸರು ಓದುವಾಗ ಅವಳ ಹೆಸರು ಬರಲಿಲ್ಲ.

ಮಾಸ್ತರರು ಅಲ್ಲೇ ಒಂದು ಮೂಲೆಯಲ್ಲಿ ಕೂತು ಸಣ್ಣ ಸ್ಕ್ರೂಡ್ರೈವರಿನಿಂದ ಟ್ರಿಗರ್ ಬಿಚ್ಚಿದರು. ಸ್ಪ್ರಿಂಗಿನ ಸುತ್ತ ಬೆಳ್ಳಗೆ, ಮೊಸರಿನ ಕೆನೆಯ ಹಾಗೆ ಕಟ್ಟಿತ್ತು. ಬೆರಳಲ್ಲಿ ತೆಗೆದು ಮೂಸಿದರು. ತಲೆಯೆತ್ತಿ ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

ಆಯ್ಕೆ ನೋಡಲೆಂದು ಭಟ್ಕಳದಿಂದ ಬಂದಿದ್ದ ನನ್ನ ಮಗ ಅಷ್ಟರಲ್ಲಿ ಎಗರಿದ. "ಎಲ್ಲರೂ ಬದಲಿಸ್ಕಂಡ್ರು. ನಿಮಗೆ ಮಾತ್ರ ಎಂತ ಹಟ? ನನ್ನ ಮಗಳ ಬಾಳು ಹಾಳು ಮಾಡಿದ್ರಿ."

ಮೊಮ್ಮಗಳು ಅಳದೆಯೇ ಕೇಳಿದಳು. "ಸರ್, ಈಗಾದ್ರೂ ಹೇಳಿ. ಬದಲಿಸಬೇಕಿತ್ತಾ, ಇಲ್ವಾ?"

ಮಾಸ್ತರರು ಆ ಬಿಳಿಯನ್ನು ಕರ್ಚೀಫಿನಲ್ಲಿ ಒರೆಸಿ, ಮಡಚಿ ಕಿಸೆಗೆ ಹಾಕಿಕೊಂಡರು. "ಹೌದು ಮಗಾ, ಬದಲಿಸಬೇಕಿತ್ತು. ನನ್ನದೇ ತಪ್ಪು," ಎಂದರು.

ವರ್ಷವಿಡೀ ಬೇಡ ಬೇಡ ಎಂದು ಎಲ್ಲರೊಡನೆ ಕಾದಾಡಿದ ಮನುಷ್ಯ, ನನ್ನನ್ನು ಉಳಿಸಲು ತಾನು ನಂಬಿದ್ದನ್ನು ತನ್ನ ಬಾಯಿಂದಲೇ ಸುಳ್ಳು ಮಾಡಿದರು. ನಾನು ಆಗಲೂ ಬಾಯಿ ಬಿಡಲಿಲ್ಲ. ಮಗ ಏನನ್ನುತ್ತಾನೋ, ಮೊಮ್ಮಗಳು ದೂರವಾಗುತ್ತಾಳೋ ಎಂಬ ಹೆದರಿಕೆ, ಅಷ್ಟೇ. ಇದಕ್ಕೆ ದೊಡ್ಡ ಕಾರಣ ಹೇಳಿ ಪ್ರಯೋಜನವಿಲ್ಲ.

ಸುದ್ದಿ ಊರಿಗೆ ನಮಗಿಂತ ಮೊದಲು ಬಂದಿತ್ತು. ಒಬ್ಬೊಬ್ಬರಾಗಿ ಮಕ್ಕಳನ್ನು ಬಿಡಿಸಿದರು. ಮಳೆ ಶುರುವಾಗುವುದರೊಳಗೆ ಶೆಡ್ಡಿಗೆ ಬೀಗ ಬಿತ್ತು. ಮಾಸ್ತರರು ಹೊನ್ನಾವರಕ್ಕೆ ಹೊರಟ ದಿನ ನಾನು ಬಳಚಿನ ಸುಕ್ಕ ಮಾಡಿ ಡಬ್ಬಿಯಲ್ಲಿ ಕೊಟ್ಟೆ. ಟೆಂಪೋ ಹತ್ತುವ ಮೊದಲು ಅವರು ಸ್ವಲ್ಪ ಹೊತ್ತು ನಿಂತರು. ನಾನು ಹೇಳಲಿ ಎಂದೇ ನಿಂತದ್ದು... ನಾನು ಉಪ್ಪು ಸ್ವಲ್ಪ ಮುಂದಾಗಿದೆ ಎಂದೆ. "ಆತು ಅಕ್ಕಾ," ಎಂದು ಹೋದರು. ಹೊನ್ನಾವರ ಬಸ್ಸಿನಲ್ಲಿ ಒಂದು ತಾಸಿನ ದಾರಿಯೂ ಅಲ್ಲ. ನಾನು ಹೋಗಲಿಲ್ಲ. ಎರಡು ಮಳೆಗಾಲದ ಹಿಂದೆ ತೀರಿಕೊಂಡರಂತೆ. ಹೆಣ ಎತ್ತಿದ ಮೇಲೆ ಗೊತ್ತಾಯಿತು.

ಮೊಮ್ಮಗಳು ಈಗ ಭಟ್ಕಳದಲ್ಲಿ ಹೊಲಿಗೆ ಅಂಗಡಿಯಲ್ಲಿದ್ದಾಳೆ. ಅದೇ ಮೊನ್ನೆ ಬೆಳಿಗ್ಗೆ ಇಲ್ಲಿಗೆ ಬಂದಿದ್ದಳು. ಗಟ್ಟಿಯಾದ ಬಾಟಲಿ ಕೈಯಲ್ಲಿ ಹಿಡಿದುಕೊಂಡೇ ಎಲ್ಲ ಹೇಳಿದೆ. ಅವಳು ನನ್ನ ಕೈಯಿಂದ ಬಾಟಲಿ ತೆಗೆದುಕೊಂಡು ನೋಡುತ್ತ ಕೂತಳು.

"ಅವರು ಸಾಯೋ ತನಕ ಕಾದೆಯಾ ಅಜ್ಜೀ?" ಎಂದಳು.

"ಹೌದು," ಎಂದೆ.

ಬಾಟಲಿಯನ್ನು ಬಿಸಿಲಿಗಿಟ್ಟು, ಚಹಾ ಕುಡಿಯದೆ ಹೊರಟಳು. ಆಮೇಲೆ ಫೋನ್ ಮಾಡಿಲ್ಲ, ನಾನು ಮಾಡಿದರೆ ಎತ್ತುವುದಿಲ್ಲ. ಎಣ್ಣೆ ಹತ್ತು ಗಂಟೆಗೆಲ್ಲ ಕರಗಿ ನೀರಾಗಿತ್ತು. ನಾನು ತಲೆಗೆ ಹಚ್ಚಲಿಲ್ಲ.