ಗುರುಪುತ್ರಪ್ಪನ ಕೆಂಪು ದೀಪ

ಬೆಳಗಾವಿಯಿಂದ ಜಾಂಬೋಟಿಗೆ ಬಾಡಿಗೆ ಕ್ರೂಸರ್ ಓಡಿಸುತ್ತಿದ್ದ ಗುರುಪುತ್ರಪ್ಪನನ್ನು ನಾನು ಹನ್ನೊಂದು ವರ್ಷ ಬೈದಿದ್ದೇನೆ. ಕಾರಣ ಒಂದೇ, ಅವನ ನಿಧಾನ. ಮಹಾಂತೇಶ ನಗರದಲ್ಲಿ ಬೆಳಗಿನ ಏಳೂವರೆಗೆ ಗಾಡಿ ಹತ್ತಿದರೂ ನಾನು ಕಲಿಸುತ್ತಿದ್ದ ಜಾಂಬೋಟಿ ಶಾಲೆಯ ಗೇಟಿನೊಳಗೆ ಓಡಿಯೇ ಹೋಗಬೇಕಾಗುತ್ತಿತ್ತು. ಬಿರುಬಿಸಿಲಿನಲ್ಲೂ ಅವನು ನಲವತ್ತರ ಮೇಲೆ ಹೋದವನಲ್ಲ. “ಗುರುಪುತ್ರಪ್ಪಾ, ಎತ್ತಿನ ಗಾಡಿ ನಮ್ಮನ್ನ ದಾಟಿ ಹೋತು ನೋಡು” ಎಂದರೆ, “ಹೋಗ್ಲಿ ಬಿಡ್ರಿ ಅಕ್ಕೋರ, ಅವಕ್ಕೇನ್ ಅರ್ಜೆಂಟ್ ಐತೋ” ಎನ್ನುತ್ತಿದ್ದ. ನನಗಿಂತ ಎರಡು ವರ್ಷಕ್ಕೆ ಚಿಕ್ಕವ, ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವ. ಅದಕ್ಕೇ ಇರಬೇಕು, ಶಾಲೆಯ ಅಕ್ಕೋರು ಹೇಳಿದ ಮಾತಿಗೆ ಅವನು ಎದುರಾಡುತ್ತಿರಲಿಲ್ಲ. ಅವನ ಈ ಗುಣ ನನಗೆ ಬಹಳ ಹಿಡಿಸಿತ್ತು.

ಮಳೆಗಾಲದಲ್ಲಿ ಮಾತ್ರ ನನ್ನ ಬಾಯಿ ಬಂದಾಗುತ್ತಿತ್ತು. ಜಾಂಬೋಟಿ ಕಡೆ ಮಳೆ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ, ಮೇಲೆ ಮಂಜು ಇಳಿದರೆ ಮೂರು ಗಂಟೆಗೇ ದಾರಿ ಮಾಯ. ಹೊಸ ಡ್ರೈವರುಗಳು ಚೆನ್ನಾಗಿ ಕಾಣಲಿ ಎಂದು ಅಪ್ಪರ್ ಲೈಟು ಹಾಕುತ್ತಾರೆ, ಆ ಬೆಳಕೆಲ್ಲ ಮಂಜಿಗೆ ಬಡಿದು ಅವರ ಕಣ್ಣಿಗೇ ರಾಚುತ್ತದೆ. ಗುರುಪುತ್ರಪ್ಪನದು ಯಾವಾಗಲೂ ಡಿಪ್ಪರ್, ನೆಲಕ್ಕೆ ಬಗ್ಗಿದ ಬೆಳಕು. ವೈಪರ್ ಕೈಕೊಟ್ಟರೆ ನೀರು ಜಾರಲೆಂದು ಗಾಜಿಗೆ ಉಜ್ಜಲು ಅರ್ಧ ಹೆಚ್ಚಿದ ಒಂದು ಬಟಾಟಿ ಎದುರಿಗೇ ಇಟ್ಟಿರುತ್ತಿದ್ದ. ಎದುರು ಬರುವ ಗಾಡಿಯ ಸದ್ದು ಕೇಳಲೆಂದು ತನ್ನ ಬದಿಯ ಗಾಜನ್ನು ನಾಲ್ಕು ಬೆರಳು ಇಳಿಸಿಕೊಂಡು, ಬಲಗಡೆಯ ಮೈಯೆಲ್ಲ ತೋಯಿಸಿಕೊಂಡೇ ಓಡಿಸುತ್ತಿದ್ದ.

ಮಂಜಿನ ದಿನ ಸಂಜೆ ಜಾಂಬೋಟಿಯ ಚಹದ ಅಂಗಡಿ ಮುಂದೆ ಗಾಡಿಗಳು ಸಾಲಾಗಿ ನಿಂತು ಅವನಿಗಾಗಿ ಕಾಯುತ್ತಿದ್ದವು. ಗುರುಪುತ್ರಪ್ಪ ಮುಂದೆ, ಉಳಿದವರು ಅವನ ಹಿಂದೆ, ಇದು ಅಲ್ಲಿಯ ರೂಢಿಯಾಗಿಬಿಟ್ಟಿತ್ತು. ಹೊರಡುವ ಮೊದಲು ಅವನು ಹಿಂದಿನ ಎರಡು ಕೆಂಪು ದೀಪಗಳನ್ನು ಅರಿವೆಯಿಂದ ಒರೆಸಿ, “ದೀಪ ಕಾಣಾಕತ್ತೈತಿ ಅಂದ್ರ ದಾರಿ ಐತಿ ಅಂತ ತಿಳಕೋರಿ, ಬರ್ರಿ” ಎನ್ನುತ್ತಿದ್ದ. ಆ ಸಾಲಿನಲ್ಲಿ ಅವನ ಬೆನ್ನಿಗೇ ಇರುತ್ತಿದ್ದವನು ಖಾನಾಪುರದ ಅಭಿಜಿತ. ಹಳ್ಳಿಗಳ ಹಾಲಿನ ಕ್ಯಾನುಗಳನ್ನು ಪಿಕಪ್ಪಿನಲ್ಲಿ ಬೆಳಗಾವಿಗೆ ಒಯ್ಯುತ್ತಿದ್ದ ಹುಡುಗ, ಮದುವೆಯಾಗಿ ಎರಡು ವರ್ಷ. “ಕಾಕಾನ ದೀಪ ಇದ್ರ ನಾ ಕಣ್ಣ ಮುಚ್ಚಿ ಬರತೀನ್ರಿ ಬಾಯಿ” ಎಂದು ನನಗೆ ಹೇಳಿ ನಗುತ್ತಿದ್ದ; ಶಾಲೆಯ ಅಕ್ಕೋರಿಗೆ ಅವರ ಕಡೆ ‘ಬಾಯಿ’ ಎನ್ನುತ್ತಾರೆ.

ಆರು ವರ್ಷದ ಹಿಂದಿನ ಜುಲೈ. ಐದು ಗಂಟೆಗೆ ಜಾಂಬೋಟಿ ಬಿಟ್ಟೆವು. ಆ ದಿನ ಹಿಂದೆ ಇದ್ದದ್ದು ಅಭಿಜಿತನ ಪಿಕಪ್ ಒಂದೇ, ಅದೂ ಒಂದು ಕ್ಯಾನು ತುಂಬಿಸಿಕೊಳ್ಳುವುದಿತ್ತೆಂದು ಸ್ವಲ್ಪ ತಡವಾಗಿ ಹೊರಟಿತ್ತು. ನಾಲ್ಕೈದು ಮೈಲು ಬರುವಷ್ಟರಲ್ಲಿ ಮಂಜು ಎಷ್ಟು ದಟ್ಟವಾಯಿತೆಂದರೆ ನಮ್ಮ ಗಾಡಿಯ ಬಾನೆಟ್ಟೇ ನಮಗೆ ಕಾಣದು. ಗುರುಪುತ್ರಪ್ಪ ಗಾಡಿಯನ್ನು ರಸ್ತೆಯಿಂದ ಪೂರ್ತಿ ಕೆಳಗಿಳಿಸಿ, ಒಂದು ಭತ್ತದ ಗದ್ದೆಯ ಪಕ್ಕದ ಬಯಲಿನಲ್ಲಿ ನಿಲ್ಲಿಸಿದ. “ತುಸು ತಿಳಿ ಆಗೂತನಕ ಕುಂದರೂಣ್ರಿ” ಎಂದು ದೀಪದ ಸ್ವಿಚ್ಚಿಗೆ ಕೈ ಹಾಕಿದ.

“ಏನ್ ಮಾಡ್ತಿ? ಇಷ್ಟ ಮಂದಿನ್ನ ಕತ್ತಲದಾಗ ಕುಂದರಸ್ತೀ ಏನು? ಯಾವನಾರ ಬಂದು ಹಾಯ್ದ್ರ ಯಾರ ಜವಾಬ್ದಾರಿ?” ಎಂದು ನಾನು ಗದರಿದೆ.

“ಹಂಗಲ್ರೀ ಅಕ್ಕೋರ. ರಸ್ತೆ ಬಿಟ್ಟ ಇಳದ ಮ್ಯಾಲೆ ದೀಪ ಇಡಬಾರದ್ರಿ. ಹಿಂದಿನಾವ ಇದನ್ನ ನೋಡಿ ದಾರಿ ಇಲ್ಲೇ ಐತಿ ಅಂತಾನ.”

“ನೀ ನನಗ ಕಲಸಬ್ಯಾಡ. ಇರಲಿ ಅದು.”

ಅವನು ಸ್ವಿಚ್ಚಿನಿಂದ ಕೈ ತೆಗೆದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮೂವತ್ತು ವರ್ಷ ಮಕ್ಕಳಿಂದ ಬಾಯಿಪಾಠ ಮಾಡಿಸಿದವಳು ನಾನು.

ಐದು ನಿಮಿಷವೂ ಆಗಿರಲಿಲ್ಲ. ಪಿಕಪ್ಪಿನ ಸದ್ದು ರಸ್ತೆ ಬಿಟ್ಟು ನೇರ ನಮ್ಮ ಬೆನ್ನಿಗೇ ಬರತೊಡಗಿತು. ಗುರುಪುತ್ರಪ್ಪ ಹಾರ್ನ್ ಒತ್ತಿಹಿಡಿದು ದೀಪ ಆರಿಸಿದ, ಆಗ ಹೊತ್ತು ಮೀರಿತ್ತು. ನಮ್ಮ ಗಾಡಿ ನಿಂತಿದೆ ಎಂದು ಅಭಿಜಿತನಿಗೆ ಕೊನೆಯ ಕ್ಷಣದಲ್ಲಿ ತಿಳಿದಿರಬೇಕು. ನಮಗೆ ಬಡಿಯಬಾರದೆಂದು ಎಡಕ್ಕೆ ಎಳೆದುಕೊಂಡ, ಎಡಕ್ಕೆ ಒಂದು ದೊಡ್ಡ ಮತ್ತಿಯ ಮರವಿತ್ತು. ನಮ್ಮೊಳಗೆ ಒಬ್ಬರಿಗೂ ಗೀರು ಗಾಯವಾಗಲಿಲ್ಲ. ಆ ಹುಡುಗನ ತಲೆಯನ್ನು ಗುರುಪುತ್ರಪ್ಪ ತೊಡೆಯ ಮೇಲಿಟ್ಟುಕೊಂಡು ಕೂತ, ಹಿಂದಿನ ಸೀಟಿನಲ್ಲಿದ್ದ ಸತ್ಯಪ್ಪ ಎಂಬವರು ಗಾಡಿ ಓಡಿಸಿದರು. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಯಿತು.

ಮಳೆ, ಮಂಜು, ಚಾಲಕನ ಹತೋಟಿ ತಪ್ಪಿದ್ದು ಎಂದು ಪೊಲೀಸರು ಪಂಚನಾಮೆ ಬರೆದರು. ಎಲ್ಲರೂ ಮಳೆಯನ್ನು ಬೈದರು. ಗುರುಪುತ್ರಪ್ಪ ಮಾತ್ರ ಅನ್ನ ಬಿಟ್ಟು ಕೂತ. ಅಭಿಜಿತನ ಹೆಂಡತಿಗೆ ಖರೇ ಮಾತು ಹೇಳದೆ ತನಗೆ ತುತ್ತು ಇಳಿಯುವುದಿಲ್ಲ ಎಂದ. “ಸತ್ತಾವ ತಿರಗಿ ಬರತಾನೇನೋ? ಸುಮ್ಮ ಕುಂದರು” ಎಂದು ಉಳಿದ ಡ್ರೈವರುಗಳು ತಿಳಿಹೇಳಿದರು. ಅವನು ಕೇಳಲಿಲ್ಲ. ಹದಿಮೂರನೇ ದಿನದ ಕಾರ್ಯ ಮುಗಿದ ಮರುದಿನ ಖಾನಾಪುರಕ್ಕೆ ಹೊರಟ, ನಾನೂ ಜೊತೆಗೆ ಹೋದೆ. ನನ್ನ ತಪ್ಪನ್ನು ನನ್ನ ಬಾಯಿಂದಲೇ ಹೇಳಬೇಕೆಂದು ಬಸ್ಸಿನಲ್ಲಿ ಹತ್ತು ಸಲ ಮನಸ್ಸಿನಲ್ಲೇ ಹೇಳಿ ನೋಡಿಕೊಂಡಿದ್ದೆ.

ಅಭಿಜಿತನ ಹೆಂಡತಿ ಕುಂದಾ ಏಳು ತಿಂಗಳ ಮಗಳು ಮುಗ್ಧಾಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಗುರುಪುತ್ರಪ್ಪ ನೆಲ ನೋಡುತ್ತ, ಗಾಡಿ ರಸ್ತೆ ಬಿಟ್ಟು ಇಳಿಸಿದ್ದನ್ನೂ ದೀಪ ಆರಿಸದೆ ಬಿಟ್ಟದ್ದನ್ನೂ ಹೇಳಿದ. ಅವಳು ಅಳಲಿಲ್ಲ.

“ಅವರು ಹಿಂದ ಬರಾಕತ್ತಾರಂತ ನಿಮಗ ಗೊತ್ತಿತ್ತೇನ್ರಿ ಕಾಕಾ?”

“ಗೊತ್ತಿತ್ತವ್ವಾ.”

“ದೀಪ ಆರಸಬೇಕಂತನೂ ಗೊತ್ತಿತ್ತು?”

“ಅದೂ ಗೊತ್ತಿತ್ತು.”

“ಮತ್ತ ಯಾಕ ಆರಸಲಿಲ್ರಿ?”

ಈಗ ನಾನು ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ಗುರುಪುತ್ರಪ್ಪ ನನ್ನ ಕಡೆ ತಿರುಗಿಯೂ ನೋಡದೆ, “ನನ್ನ ಬುದ್ಧಿಗೇಡಿತನ ಅವ್ವಾ” ಎಂದ.

ಕುಂದಾ ಮಗುವಿನ ಕಾಲು ಸವರಿದಳು. ಆಮೇಲೆ, “ಬಂದು ಹೇಳಿದ್ದು ಛಲೋ ಆತ್ರಿ. ಇನ್ನ ಮ್ಯಾಲೆ ಈ ಮನಿಗೆ ಬರಬ್ಯಾಡ್ರಿ” ಎಂದಳು. ಅವನು ಕೈಮುಗಿದು ಎದ್ದ. ನಾನೂ ಏಳುತ್ತಿದ್ದಂತೆ ನನ್ನ ಕೈ ಹಿಡಿದು, “ಬಾಯಿ, ನೀವು ಬರಕೋತ ಇರ್ರಿ. ನೀವು ಬಂದ್ರ ನನಗ ಧೈರ್ಯ ಬರತೈತಿ” ಎಂದಳು.

ತಿರುಗಿ ಬರುವಾಗ ಬಸ್ಸಿನಲ್ಲಿ ನನಗೆ ಅಳು ತಡೆಯಲಾಗಲಿಲ್ಲ. “ನನ್ನ ಹೆಸರ ಯಾಕ ಹೇಳಲಿಲ್ಲ?” ಎಂದು ಕೇಳಿದೆ.

“ಸ್ವಿಚ್ಚಿನ ಮ್ಯಾಲಿದ್ದ ಕೈ ನಂದರೀ ಅಕ್ಕೋರ. ಆಕಿಗೆ ತೌರಮನಿಯಂತ ಯಾರೂ ಇಲ್ಲ. ನೀವರ ಹೋಗಿ ಬರ್ರಿ.”

ಕ್ರೂಸರ್ ಮಾರಿ ಅವನು ಒಂದು ಗೋದಾಮಿನ ಕಾವಲಿಗೆ ನಿಂತ. ಮಳೆ ಬರಲಿ ಬಿಸಿಲು ಬರಲಿ, ನಡೆದೇ ಹೋಗುತ್ತಿದ್ದ. ನಾನು ಮಾತ್ರ ತಿಂಗಳಿಗೊಮ್ಮೆ ಖಾನಾಪುರಕ್ಕೆ ಹೋಗುತ್ತ ಬಂದೆ. ಇವತ್ತು ಹೇಳುತ್ತೇನೆ ಎಂದುಕೊಂಡೇ ಪ್ರತಿ ಸಲ ಹೋಗುತ್ತೇನೆ. ಮುಗ್ಧಾ ಬಾಗಿಲಿಗೆ ಓಡಿ ಬಂದು “ಆಜಿ” ಎಂದು ಸ್ವಂತ ಅಜ್ಜಿಯದೆಂಬಂತೆ ಸೆರಗು ಹಿಡಿಯುತ್ತಾಳೆ, ಹೇಳದೆ ತಿರುಗಿ ಬರುತ್ತೇನೆ.

ಹೋದ ಜನವರಿಯಲ್ಲಿ ಗುರುಪುತ್ರಪ್ಪ ತೀರಿಕೊಂಡ. ಮಣ್ಣು ಕೊಟ್ಟು ಬಂದ ಮೂರನೇ ದಿನ, ಇನ್ನು ನನ್ನ ತಪ್ಪು ಮುಚ್ಚಿಡುವುದು ಬೇಡವೆಂದು ಖಾನಾಪುರಕ್ಕೆ ಹೋಗಿ, ಮೊದಲು ಕುಂದಾಳಿಗೆ ಅವನು ತೀರಿದ ಸುದ್ದಿ ಹೇಳಿದೆ. ಅವಳು ಒಲೆಯ ಮುಂದೆ ಬೆನ್ನು ತಿರುಗಿಸಿ ನಿಂತಿದ್ದಳು.

“ಹೋದ್ರಾ?” ಎಂದಳು. “ಹಿಂಗ ಅನ್ನಬಾರದ್ರಿ ಬಾಯಿ, ಆದ್ರೂ ನನ್ನ ಮನಸ ಹಗುರ ಆತು. ಅವರನ್ನ ಬಿಟ್ರ ಸಿಟ್ಟಾಗಾಕ ನನಗ ಇನ್ಯಾರೂ ಇರಲಿಲ್ಲ.” ಒಲೆಯಿಂದ ಪಾತ್ರೆ ಇಳಿಸಿ ಕಪ್ಪಿಗೆ ಸೋಸಿದಳು. “ಚಾ ಕುಡದ ಹೋಗ್ರಿ” ಎಂದಳು.

ನಾನು ಕಪ್ಪು ತೆಗೆದುಕೊಂಡು ಚಹ ಕುಡಿದೆ.