ಎರಡನೇ ನಂಬರಿನ ಬ್ಯಾಟರಿ

ಗುಬ್ಬಿ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಹನುಮಂತರಾಜುವಿನ ಬ್ಯಾಟರಿ ಅಂಗಡಿ ಇದೆ. ಅವನಿಗೆ ಐವತ್ತಾರು ವರ್ಷ. ಅವನ ಅಂಗಿಗಳನ್ನೆಲ್ಲ ಆ್ಯಸಿಡ್ ತೂತು ಮಾಡಿಟ್ಟಿದೆ. ಮಗಳ ಮದುವೆಗೆ ಹೊಲಿಸಿದ ಬಿಳಿ ಷರಟು ಮಾತ್ರ ತೂತಿಲ್ಲದೆ ಉಳಿದಿತ್ತು, ಅದೂ ಹೆಂಡತಿ ಸುಧಾ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರಿಂದ.

ಓಡುವ ಗಾಡಿಯ ಬ್ಯಾಟರಿ ನೋಡುವವರು ಊರಿಗೆ ಹತ್ತು ಜನ ಸಿಗುತ್ತಾರೆ. ಹನುಮಂತರಾಜುವಿನದು ನಿಂತ ಗಾಡಿಗಳ ಕೆಲಸ. ಬೇಸಿಗೆ ರಜೆಯಲ್ಲಿ ನಿಲ್ಲುವ ಸ್ಕೂಲ್ ವ್ಯಾನು, ಅಣ್ಣತಮ್ಮಂದಿರ ಕೋರ್ಟು ತಕರಾರಿನಲ್ಲಿ ಮೂರು ವರ್ಷದಿಂದ ಬೆಳ್ಳಾವಿಯಲ್ಲಿ ಧೂಳು ತಿನ್ನುತ್ತಿರುವ ಲಾರಿ, ಕಣ್ಣು ಆಪರೇಶನ್ ಆದ ಮೇಲೆ ಮನೆಯವರು ಕೀ ಕಿತ್ತಿಟ್ಟುಕೊಂಡ ಮೇಷ್ಟರ ಕಾರು. ಗಾಡಿ ಸುಮ್ಮನೆ ನಿಂತಿದ್ದರೆ ಬ್ಯಾಟರಿಗೆ ಏನಾಗುತ್ತದೆ ಎಂದು ಕೇಳುವವರೇ ಹೆಚ್ಚು. ಏನೂ ಮಾಡದೆ ಕೂತವನು ಹೇಗೆ ಸೊರಗುತ್ತಾನೋ ಹಾಗೇ ಅದೂ ಸೊರಗುತ್ತದೆ. ಎರಡು ಮೂರು ತಿಂಗಳು ಕೇಳುವವರಿಲ್ಲದಿದ್ದರೆ ಒಳಗಿನ ಸೀಸದ ಪ್ಲೇಟಿಗೆ ಬಿಳಿ ಪುಡಿ ಕಟ್ಟುತ್ತದೆ. ಆಮೇಲೆ ಯಾವ ಚಾರ್ಜರಿಗೂ ಅದು ಬಗ್ಗುವುದಿಲ್ಲ.

ಈ ವಿದ್ಯೆ ಅವನಿಗೆ ಬಂದದ್ದು ತುಮಕೂರಿನಲ್ಲಿ, ವೀರಭದ್ರಯ್ಯ ಎಂಬ ಹಿರಿಯರಿಂದ. ಅವರ ಅಂಗಡಿಯಲ್ಲಿ ಹನ್ನೆರಡು ವರ್ಷ ದುಡಿದ. ಹಣೆ ತುಂಬ ವಿಭೂತಿ, ಬಾಯಿ ತುಂಬ ಬೈಗುಳದ ಮನುಷ್ಯ ಅವರು. "ಓಡೋ ಗಾಡೀನ ಎಲ್ರೂ ನೋಡ್ತಾರೆ ಕಣೋ. ನಿಂತಿರೋದನ್ನ ನೋಡೋನೇ ಮೆಕ್ಯಾನಿಕ್ಕು," ಎನ್ನುತ್ತಿದ್ದರು. ಗಾಡಿ ನಿಲ್ಲಿಸುವ ಮೊದಲು ಪೂರ್ತಿ ಚಾರ್ಜ್ ಮಾಡು, ಕಪ್ಪು ವೈರು ಬಿಚ್ಚು, ಮೇಲಿನ ಕೊಳೆ ಒರೆಸು, ಟರ್ಮಿನಲ್ಲಿಗೆ ವ್ಯಾಸಲೀನ್ ಸವರು, ತಿಂಗಳಿಗೊಮ್ಮೆ ಹೋಗಿ ನೋಡು. ತಿಂಗಳಿಗೊಮ್ಮೆ ಎಂದರೆ ಮರೆತುಹೋಗುತ್ತದೆ, ಆದ್ದರಿಂದ ಅಮಾವಾಸ್ಯೆ. ನಮ್ಮ ಕಡೆ ಅಮಾವಾಸ್ಯೆ ಬಂತೆಂದರೆ ಗಾಡಿ ಇರುವವರೆಲ್ಲ ನಿಂಬೆಹಣ್ಣು ಹಿಡಿದು ಬರುತ್ತಾರೆ, ಅದನ್ನು ಮರೆಯುವವರು ಯಾರಿದ್ದಾರೆ? ಪ್ರತಿ ಬ್ಯಾಟರಿಗೂ ಒಂದು ರಟ್ಟಿನ ಕಾರ್ಡು. ನೋಡಿ ಬಂದ ದಿನ ಅದರಲ್ಲಿ ತಾರೀಖು, ಕೆಳಗೆ ಸಹಿ. ಗುಬ್ಬಿಗೆ ಬಂದು ಸ್ವಂತ ಅಂಗಡಿ ಇಟ್ಟ ಮೇಲೂ ಹನುಮಂತರಾಜು ಆ ಪದ್ಧತಿ ಬಿಡಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅವನು ನೋಡದೆ ಸಹಿ ಹಾಕಿದ್ದು ಒಂದೇ ಒಂದು ಸಲ.

ಕುಣಿಗಲ್ ಕಡೆಯ ಒಂದು ಕೆರೆಯ ಮೀನುಗಾರರ ಸಂಘದವರು, ಇಬ್ಬರು ಮುಳುಗಿ ಸತ್ತ ವರ್ಷ, ಮೋಟಾರ್ ಬೋಟು ತಂದಿದ್ದರು. ಕೆರೆ ತುಂಬುವ ವರ್ಷ ಬಿಟ್ಟರೆ ಅದಕ್ಕೆ ಕೆಲಸವಿಲ್ಲ. ಏರಿಯ ಪಕ್ಕದ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ಮಲಗಿರುತ್ತಿತ್ತು. ಶೆಡ್ಡಿಗೆ ಕರೆಂಟಿಲ್ಲ. ಅದಕ್ಕೇ ಹನುಮಂತರಾಜು ಎರಡು ಬ್ಯಾಟರಿ ಇಟ್ಟು, ಬಿಳಿ ಬಣ್ಣದಲ್ಲಿ ಒಂದು, ಎರಡು ಎಂದು ನಂಬರು ಬರೆದಿದ್ದ. ಒಂದು ಬೋಟಿನಲ್ಲಿದ್ದರೆ ಇನ್ನೊಂದು ಗುಬ್ಬಿಯಲ್ಲಿ ಚಾರ್ಜಿಗೆ. ಅಮಾವಾಸ್ಯೆಗೆ ಟಿ.ವಿ.ಎಸ್. ಮೊಪೆಡ್ಡಿನ ಮುಂದೆ ಚಾರ್ಜ್ ಆದದ್ದನ್ನು ಇಟ್ಟುಕೊಂಡು ಹೋಗಿ, ಅಲ್ಲಿದ್ದದ್ದನ್ನು ಬಿಚ್ಚಿ ತರುತ್ತಿದ್ದ.

ಆ ಶೆಡ್ಡಿನ ಕಾವಲಿಗಿದ್ದವನು ಕದರಯ್ಯ. ಶೆಡ್ಡಿಗೆ ಅಂಟಿಕೊಂಡ ಒಂದು ರೂಮಿನಲ್ಲಿ ಅವನೂ ಹೆಂಡತಿ ಓಬಳಮ್ಮನೂ ಇದ್ದರು. ಬೋಟನ್ನು ಅವನು ಕಂಡವರ ಮುಂದೆಲ್ಲ "ನಮ್ಮ ಗೌರಿ" ಎಂದೇ ಹೇಳುತ್ತಿದ್ದ. ಹನುಮಂತರಾಜು ಹೋದಾಗಲೆಲ್ಲ ಮುದ್ದೆ, ಮೀನು ಸಾರು ಮಾಡಿಸಿ ಕೂರಿಸುತ್ತಿದ್ದ. ಅಮಾವಾಸ್ಯೆ ಅಂತ ಇವನು ಬೇಡ ಎಂದರೆ, "ಹಂಗಾದ್ರೆ ಬಸ್ಸಾರು ತಿನ್ನಿ ರಾಜಣ್ಣ, ಬರಿ ಹೊಟ್ಟೇಲಿ ಕಳಿಸಾಕಾಯ್ತದಾ?" ಎನ್ನುತ್ತಿದ್ದ.

ಹನುಮಂತರಾಜು ಮಗಳ ಮದುವೆ ಮಾಡಿದ ವರ್ಷ, ಆಯುಧ ಪೂಜೆಗೆ ಕದರಯ್ಯ ಒಂದು ಎಡವಟ್ಟು ಮಾಡಿಕೊಂಡ. ಎಂಜಿನ್ನು ಒಂದು ಸಲವಾದರೂ ಗುರ್ರ್ ಅನ್ನದಿದ್ದರೆ ಅದೆಂಥ ಆಯುಧ ಪೂಜೆ? ಬಿಚ್ಚಿಟ್ಟ ಕಪ್ಪು ವೈರು ಸಿಕ್ಕಿಸಿ, ಕೀ ತಿರುಗಿಸಿ ಗುರ್ರ್ ಅನ್ನಿಸಿದ. ಅಷ್ಟಕ್ಕೇ ಬಿಟ್ಟಿದ್ದರೆ ಚಿಂತೆ ಇರಲಿಲ್ಲ. ಬೋಟಿಗೆ ಬಾಳೆಕಂದು ಕಟ್ಟಿ, ಚೆಂಡುಹೂವು ಸುತ್ತಿ, ಅದೇ ಬ್ಯಾಟರಿಯಿಂದ ಸೀರಿಯಲ್ ಲೈಟು ಎಳೆದ. ಲೈಟು ಎರಡು ದಿನ ಮಿಣಮಿಣ ಉರಿಯಿತು. ಮೂರನೆಯ ದಿನ ಅವನೇ ಫೋನು ಮಾಡಿದ.

"ರಾಜಣ್ಣ, ಬೈಬ್ಯಾಡಿ. ಗೌರಿಗೆ ಲೈಟ್ ಹಾಕಿದ್ದೆ, ಮದುವೆ ಹೆಣ್ಣು ಕಂಡಂಗೆ ಕಂಡ್ಳು. ಈಗ ಲೈಟು ಮಂಕಾಗವೆ. ಬ್ಯಾಟ್ರಿ ಕೂತೋಯ್ತೇನೋ. ಒಂದ್ಸಾರಿ ಬಂದು ನೋಡ್ತೀರಾ?"

"ಥೂ ನಿನ್ನ! ವೈರು ಬಿಚ್ಚಿ ಇಡು ಮೊದ್ಲು. ಅಮಾವಾಸ್ಯೆಗೆ ಬತ್ತೀನಲ್ಲ, ಬೇರೇದು ತಂದು ಹಾಕ್ತೀನಿ ಬುಡು."

ಅಮಾವಾಸ್ಯೆ ಎಂದರೆ ದೀಪಾವಳಿ. ಮಗಳು ಅಕ್ಷತಾಳ ಮದುವೆಯಾದ ಮೇಲಿನ ಮೊದಲ ದೀಪಾವಳಿ. ಹೊಸ ಅಳಿಯ, ಅವನ ಅಪ್ಪ ಅಮ್ಮ, ಅವನ ಇಬ್ಬರು ಚಿಕ್ಕಪ್ಪಂದಿರು, ಎಣ್ಣೆ ನೀರು, ಒಬ್ಬಟ್ಟು. ಗುಬ್ಬಿ ಸುತ್ತಿನ ಗಾಡಿಗಳನ್ನು ಹಿಂದಿನ ದಿನವೇ ಸುತ್ತಿ ನೋಡಿ ಬಂದಿದ್ದ. ಉಳಿದದ್ದು ಬೋಟೊಂದೇ. "ಅಳಿಯ ಬಂದಿರೋ ದಿನ ಕುಣಿಗಲ್‌ಗೆ ಹೋಯ್ತೀನಿ ಅಂತೀರಲ್ಲ, ನಿಮಗೆ ಮಾನ ಮರ್ಯಾದೆ ಐತಾ?" ಎಂದು ಸುಧಾ ಒಲೆಯ ಮುಂದಿನಿಂದಲೇ ಕೇಳಿದಳು. ಬೀರುವಿನ ಬೀಗ ತೆಗೆದು ಬಿಳಿ ಷರಟು ಕೈಗೆ ಕೊಟ್ಟಳು. ಹನುಮಂತರಾಜು ಅಂಗಡಿಗೆ ಹೋಗಿ ಲಕ್ಷ್ಮೀ ಪಟಕ್ಕೆ ಹೂವು ಹಾಕಿದ, ಕಾರ್ಡುಗಳ ಕಟ್ಟು ಬಿಚ್ಚಿ ಎಲ್ಲಕ್ಕೂ ತಾರೀಖು ಬರೆದು ಸಹಿ ಹಾಕಿದ. ಬೋಟಿನ ಕಾರ್ಡು ಬಂದಾಗ ಒಂದು ಗಳಿಗೆ ಪೆನ್ನು ನಿಂತಿತು. ನಾಳೆ ಹೋದರಾಯಿತು ಎಂದುಕೊಂಡು ಬರೆದ: ಎರಡನೇ ನಂಬರು ಹಾಕಿದೆ, ಚಾರ್ಜ್ ಪೂರ್ತಿ.

ನಾಳೆ ಎಂದವನ ಮನೆ ಹಾಳು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಹಾಳಾದದ್ದು ಮಾತ್ರ ಇನ್ನೊಬ್ಬರ ಮನೆ. ಮಾರನೆಯ ದಿನ ಬೀಗರನ್ನು ಸಿದ್ಧಗಂಗೆಗೆ ಕರೆದುಕೊಂಡು ಹೋಗಬೇಕಾಯಿತು. ಅದರ ಮಾರನೆಯ ದಿನದಿಂದ ಮಳೆ ಹಿಡಿಯಿತು. ಮೂರು ದಿನ ಬಿಡಲಿಲ್ಲ. ಮೊಪೆಡ್ಡಿನಲ್ಲಿ ಬ್ಯಾಟರಿ ಇಟ್ಟುಕೊಂಡು ಹೇಗೆ ಹೋಗುವುದು?

ಆರನೆಯ ದಿನ ಬೆಳಿಗ್ಗೆ ಕೆರೆ ಕೋಡಿ ಬಿತ್ತು. ಸಂಘದ ಬಲೆ ಕೊಚ್ಚಿಕೊಂಡು ಹೋಗುತ್ತಿದೆ ಎಂದು ಕದರಯ್ಯ ಹರಿಗೋಲು ಹಾಕಿಕೊಂಡು ಹೋದ. ಕೋಡಿಯ ಸೆಳೆತಕ್ಕೆ ಹರಿಗೋಲು ಮಗುಚಿತು. ಅರ್ಧ ಮುಳುಗಿದ ಜಾಲಿ ಮರವೊಂದನ್ನು ತಬ್ಬಿಕೊಂಡು ಕೂಗಿದ. ಜನ ಶೆಡ್ಡಿಗೆ ಓಡಿದರು, ಬೋಟನ್ನು ನೀರಿಗೆ ತಳ್ಳಿದರು, ಕೀ ತಿರುಗಿಸಿದರು. ಟಕ್, ಟಕ್. ಅಷ್ಟೇ. ಹಗ್ಗ ಎಳೆದು ಹೊತ್ತಿಸುವ ಮೋಟಾರಲ್ಲ ಅದು. ಯಾರೋ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ತಂದು ಜೋಡಿಸಿದರು, ಮೋಟಾರು ಹೊತ್ತಿಕೊಂಡಿತು. ಅಷ್ಟರಲ್ಲಿ ಇಪ್ಪತ್ತು ನಿಮಿಷ ಕಳೆದಿತ್ತು. ಜಾಲಿ ಮರದ ಮೇಲೆ ಯಾರೂ ಇರಲಿಲ್ಲ.

ಸುದ್ದಿ ಬಂದಾಗ ಹನುಮಂತರಾಜು ಅಂಗಡಿಯಲ್ಲಿದ್ದ. ಎದುರಿಗೆ ಮರದ ಹಲಗೆಯ ಮೇಲೆ ಎರಡನೇ ನಂಬರಿನ ಬ್ಯಾಟರಿ ಇತ್ತು. ಯಾಕೋ ಗಾಜಿನ ಕೊಳವೆ ಅದ್ದಿ, ಚಾರ್ಜು ಎಷ್ಟಿದೆ ಎಂದು ಗ್ರಾವಿಟಿ ನೋಡಿದ. ತುಂಬಿತ್ತು. ಒಂದೇ ಒದೆತಕ್ಕೆ ಲಾರಿ ಎಬ್ಬಿಸುವಷ್ಟು ತುಂಬಿತ್ತು.

ಹನ್ನೊಂದನೆಯ ದಿನದ ತಿಥಿಗೆ ಹೋದ. ಊಟದ ಪಂಕ್ತಿಯಲ್ಲೇ ಮಾತು ಕಿವಿಗೆ ಬಿತ್ತು. ಕದರಯ್ಯ ಶೋಕಿ ಮಾಡಿ ಲೈಟು ಹಾಕಿದ, ಬ್ಯಾಟರಿ ಖಾಲಿ ಮಾಡಿದ, ಯಾರಿಗೂ ಹೇಳದೆ ಮುಚ್ಚಿಟ್ಟ, ತನ್ನ ಕೈಯಾರೆ ತಾನೇ ಸತ್ತ. ಸತ್ತವರ ಮೇಲೆ ಗೂಬೆ ಕೂರಿಸುವುದು ಸುಲಭ, ಅವರು ಎದ್ದು ಬಂದು ಓಡಿಸುವುದಿಲ್ಲ. ಓಬಳಮ್ಮನಿಗೆ ಕಾವಲು ಕೆಲಸ ಕೊಟ್ಟು ಆ ರೂಮಿನಲ್ಲೇ ಇರಲು ಬಿಡಬೇಕು ಎಂದು ಕೆಲವರು, ಬೋಟು ಕೆಡಿಸಿದವನ ಮನೆಯವರಿಗೆ ಯಾಕೆ ಎಂದು ಕೆಲವರು. ಸಂಘದ ಕಾರ್ಯದರ್ಶಿ ಕೃಷ್ಣಕುಮಾರ್ ಹನುಮಂತರಾಜುವಿನ ಹತ್ತಿರ ಬಂದು ಕೂತ.

"ರಾಜಣ್ಣ, ನಾಡಿದ್ದು ಮೀಟಿಂಗ್ ಐತೆ. ನಿಮ್ಮ ಕಾರ್ಡ್ ತಂದ್ಬಿಡಿ. ಅಮಾವಾಸ್ಯೆ ದಿನ ನೀವು ಫುಲ್ ಬ್ಯಾಟ್ರಿ ಹಾಕಿದ್ರಿ ಅಂತ ಇದ್ರೆ ಮುಗೀತು. ಆಮೇಲೆ ದೀಪಾವಳಿಗೂ ಲೈಟ್ ಹಾಕಿರ್ತಾನೆ, ತಪ್ಪು ಕದರಯ್ಯಂದು. ನಿಮ್ಮ ಮೇಲೆ ಯಾರೂ ಬೆಟ್ಟು ತೋರ್ಸಂಗಿಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹನುಮಂತರಾಜು ಎಲೆ ಮಡಿಸಿ ಎದ್ದು, ಮೊಪೆಡ್ ಹತ್ತಿದ.

ಎರಡು ದಿನ ಅವನು ಅಂಗಡಿಯಲ್ಲಿ ಮಾಡಿದ್ದು ಒಂದೇ ಕೆಲಸ, ಆ ಕಾರ್ಡು ನೋಡುವುದು. ಅಕ್ಷರ ಚೆನ್ನಾಗಿತ್ತು. ಬೋಟಿನಲ್ಲಿದ್ದ ಬ್ಯಾಟರಿಯ ನಂಬರು ಯಾರು ನೋಡುತ್ತಾರೆ? ಹೋಗಿ ಇದನ್ನಿಟ್ಟು ಅದನ್ನು ತಂದುಬಿಟ್ಟರೆ ಅದೂ ಸರಿಹೋಗುತ್ತದೆ. ಹಬ್ಬಕ್ಕೆ ಓಬಳಮ್ಮ ತವರಿಗೆ ಹೋಗಿದ್ದಳಂತೆ, ಅವನು ಬಾರದ್ದು ಅವಳಿಗೂ ಗೊತ್ತಿಲ್ಲ. ಕದರಯ್ಯ ಫೋನು ಮಾಡಿದ್ದನ್ನು ಬಲ್ಲವರು ಇಬ್ಬರೇ, ಒಬ್ಬ ತಿಥಿ ಮಾಡಿಸಿಕೊಂಡಾಗಿದೆ. ನಿಜ ಹೇಳಿದರೆ ಇಪ್ಪತ್ತೆರಡು ವರ್ಷದ ಕಾರ್ಡುಗಳೆಲ್ಲ ಸುಳ್ಳಾಗುತ್ತವೆ. ನಾಳೆಯಿಂದ ಯಾವ ಮೇಷ್ಟರು ಅವನ ಕೈಗೆ ಕಾರಿನ ಕೀ ಕೊಡುತ್ತಾರೆ? ಅಳಿಯನ ಮನೆಯವರಿಗೆ ಗೊತ್ತಾದರೆ? ಕೊನೆಗೆ ಎಲ್ಲವನ್ನೂ ಸುಧಾಳಿಗೆ ಹೇಳಿದ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಿದಳು.

"ನಾನೇ ತಾನೇ ತಡೆದಿದ್ದು," ಎಂದಳು.

"ನೀನು ತಡೆದೆ. ಸೈನ್ ಮಾಡು ಅಂದ್ಯಾ?"

ಅವಳು ಮತ್ತೆ ಅಕ್ಕಿ ಆರಿಸತೊಡಗಿದಳು. ಕಣ್ಣು ತುಂಬಿದ್ದರಿಂದ ಕಲ್ಲು ಕಾಣುತ್ತಿರಲಿಲ್ಲ.

ಮೀಟಿಂಗಿನ ದಿನ ಹನುಮಂತರಾಜು ಎರಡನೇ ನಂಬರಿನ ಬ್ಯಾಟರಿಯನ್ನು ಮೊಪೆಡ್ಡಿನ ಮುಂದೆ ಇಟ್ಟುಕೊಂಡು ಹೊರಟ. ಶೆಡ್ಡಿನ ಮುಂದೆ ಜಮಖಾನ ಹಾಸಿ ಹದಿನೈದು ಜನ ಕೂತಿದ್ದರು. ಓಬಳಮ್ಮ ರೂಮಿನ ಬಾಗಿಲಲ್ಲಿ ಸೆರಗು ಹೊದ್ದು ನಿಂತಿದ್ದಳು. ಕೃಷ್ಣಕುಮಾರ್ ಕಾರ್ಡು ಇಸಿದುಕೊಂಡು ಗಟ್ಟಿಯಾಗಿ ಓದಿದ, "ನೋಡಿ, ಇಲ್ಲೇ ಐತಲ್ಲ," ಎಂದ. ಜನ ತಲೆಯಾಡಿಸಿದರು. ಅಲ್ಲಿಗೆ ಕದರಯ್ಯನ ಹಣೆಬರಹ ತೀರ್ಮಾನವಾಗಿತ್ತು. ಸುಮ್ಮನಿದ್ದಿದ್ದರೆ ಹನುಮಂತರಾಜು ಟೀ ಕುಡಿದು ಗುಬ್ಬಿಗೆ ವಾಪಸ್ಸು ಬರಬಹುದಿತ್ತು.

ಅವನು ಎದ್ದು ಹೋಗಿ ಬ್ಯಾಟರಿ ಹೊತ್ತು ತಂದು ಜಮಖಾನದ ಮಧ್ಯೆ ಇಟ್ಟ.

"ಇದು ಎರಡ್ನೇ ನಂಬರು. ಬೋಟಲ್ಲಿ ಹಾಕಿದೆ ಅಂತ ಬರ್ದಿದ್ದೀನಲ್ಲ, ಅದೇ ಇದು. ಅಮಾವಾಸ್ಯೆಯಿಂದ ನನ್ನ ಅಂಗಡೀಲೇ ಐತೆ. ನಾನು ಬರ್ಲಿಲ್ಲ. ಬರದಂಗೇ ಸೈನ್ ಹಾಕ್ದೆ. ಕದರಯ್ಯ ಆಯುಧ ಪೂಜೇಲಿ ಲೈಟ್ ಹಾಕಿದ್ದು ನಿಜ. ಮೂರ್ನೇ ದಿನಕ್ಕೇ ಫೋನ್ ಮಾಡಿ, ತಪ್ಪಾಯ್ತು, ಬಂದು ನೋಡಿ ಅಂತ ಕೇಳ್ದ. ಅವ್ನು ಹೇಳೋದು ಹೇಳ್ದ. ಬರದೇ ಹೋದೋನು ನಾನು."

ಹಿಂದೆ ಕೂತವನೊಬ್ಬ ಕೆಟ್ಟ ಮಾತಿನಲ್ಲಿ ಬೈದ. ಕೃಷ್ಣಕುಮಾರ್ ಕಾರ್ಡನ್ನು ಮುಂದಕ್ಕೂ ಹಿಂದಕ್ಕೂ ತಿರುಗಿಸಿ ನೋಡಿ, "ಏನ್ ರಾಜಣ್ಣ ಇದು," ಎಂದಷ್ಟೇ ಅಂದ. ಬೋಟಿನ ಕೆಲಸ ಇನ್ನು ಅವನಿಗಿಲ್ಲವೆಂದು ಅಲ್ಲೇ ನಿರ್ಧಾರವಾಯಿತು. ಓಬಳಮ್ಮ ರೂಮು ಬಿಡಬೇಕಿಲ್ಲ, ಕಾವಲು ಅವಳಿಗೇ ಎಂದೂ ಆಯಿತು. ಅದಕ್ಕೆ ಯಾರೂ ಚಕಾರ ಎತ್ತಲಿಲ್ಲ.

ಜನ ಎದ್ದ ಮೇಲೆ ಹನುಮಂತರಾಜು ಓಬಳಮ್ಮನ ಮುಂದೆ ಹೋಗಿ ನಿಂತ. ಚಪ್ಪಲಿಯಲ್ಲಿ ಹೊಡೆದರೆ ಹೊಡೆಸಿಕೊಳ್ಳಬೇಕು ಎಂದುಕೊಂಡೇ ಬಂದಿದ್ದ. ಅವಳು ಹೊಡೆಯಲಿಲ್ಲ. ಅವನನ್ನೇ ನೋಡುತ್ತ, ಲೆಕ್ಕ ತಪ್ಪಿದವಳಂತೆ ಕೇಳಿದಳು.

"ಫೋನ್ ಮಾಡಿತ್ತಾ ನಿಮಗೆ?"

"ಮಾಡಿದ್ದ ಕಣಮ್ಮ."

"ಯಾರ್ಗೂ ಹೇಳ್ದಂಗೆ ಮುಚ್ಚಿಟ್ಟಿತ್ತು, ಅದ್ಕೇ ಸತ್ತೋಯ್ತು ಅಂದ್ರು ಎಲ್ರೂ. ನಾನೂ ನಂಬ್ದೆ. ಹದ್ಮೂರು ದಿನದಿಂದ ಬೈಕೊಂಡೇ ಐವ್ನಿ ರಾಜಣ್ಣ. ತಿಥಿ ದಿನ ಎಡೆ ಇಕ್ಕುವಾಗ್ಲೂ ಬೈಕೊಂಡೇ ಇಕ್ದೆ."

ಅವಳು ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳಲಿಲ್ಲ. ಹನುಮಂತರಾಜು ಹೊರಗೆ ನಿಂತೇ ಇದ್ದ. ಒಳಗೆ ಒಲೆ ಹೊತ್ತಿಸಿದ ಸದ್ದು, ಪಾತ್ರೆಯ ಸದ್ದು ಕೇಳಿತು. ಬಹಳ ಹೊತ್ತಾದ ಮೇಲೆ ಅವಳು ಒಂದು ಬಾಳೆ ಎಲೆಯಲ್ಲಿ ಬಿಸಿ ಮುದ್ದೆ, ಬಸ್ಸಾರು ಇಟ್ಟುಕೊಂಡು ಬಂದಳು. ಅವನ ಕಡೆ ನೋಡದೆ ದಾಟಿ ಹೋಗಿ, ಶೆಡ್ಡಿನ ಒಳಗೆ, ಬೋಟಿನ ಮುಂದೆ ಗಂಡನಿಗೆ ಎಡೆ ಇಟ್ಟು ಕೈಮುಗಿದಳು. ಈ ಸಲ ಅವಳು ಬೈಯಲಿಲ್ಲ.