ಮರಳಿನಲ್ಲಿದ್ದದ್ದು ನಾಯಿಯ ಹೆಜ್ಜೆಯಲ್ಲ

2014ರ ಜನವರಿ. ಆಗ ನಾವು ಅಬುಧಾಬಿಯ ಖಲೀಫಾ ಸಿಟಿಯಲ್ಲಿ, ಐದು ಸಂಸಾರಗಳಿಗೆ ಪಾರ್ಟಿಷನ್ ಮಾಡಿ ಕೊಟ್ಟಿದ್ದ ವಿಲ್ಲಾವೊಂದರ ಹಿಂಭಾಗದಲ್ಲಿದ್ದೆವು. ಹಾಗೆ ಬಾಡಿಗೆಗೆ ಕೊಡುವುದು ಕಾನೂನಿಗೆ ವಿರುದ್ಧವೆಂದು ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಡುತ್ತಿರಲಿಲ್ಲ.

ಒಂದನೇ ಕ್ಲಾಸಿನ ಮಗಳು ರಿಯಾಗೆ ಶಾಲೆಯಲ್ಲಿ ಹಿಮ ಬಿದ್ದ ತೋಟದಲ್ಲಿ ಪ್ರಾಣಿಗಳ ಹೆಜ್ಜೆ ಗುರುತಿಸುವ ಪಾಠ ಬಂತು. ಹಿಮ ಎಲ್ಲಿಂದ ತರುವುದು? ಸಂಜೆ ಅಂಗಳದ ಮರಳನ್ನೇ ಗುಡಿಸಿ ಸಮ ಮಾಡಿ, ಬೆಳಿಗ್ಗೆ ಇಬ್ಬರೂ ಕೂತು ಓದುತ್ತಿದ್ದೆವು. ಮೈನಾ, ಬೆಕ್ಕು, ಹಲ್ಲಿ. ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದಿದ್ದ ನನಗೂ ಅದೊಂದು ಹೆಮ್ಮೆ.

ಒಂದು ಬೆಳಿಗ್ಗೆ ನನ್ನ ಅಂಗೈಯಷ್ಟು ದೊಡ್ಡ ಹೆಜ್ಜೆಗಳು ಕಂಡವು. ಪಕ್ಕದಲ್ಲೇ ಹಗ್ಗ ಎಳೆದ ಗೆರೆ.

"ಉಗುರಿನ ಗುರುತು ನೋಡು. ಬೆಕ್ಕಿನ ಜಾತಿ ಉಗುರು ಒಳಗೆ ಎಳ್ಕೊಂಡು ನಡೀತದೆ. ಇದು ಯಾರೋ ಸಾಕಿದ ನಾಯಿ," ಎಂದೆ.

ಪಕ್ಕದ ವಿಲ್ಲಾದ ಡ್ರೈವರ್ ಹಮೀದಾಕ ನಮ್ಮ ಉಪ್ಪಿನಂಗಡಿ ಕಡೆಯವರು; ಅಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವಂತೆ ನನ್ನನ್ನು 'ಬಾಯಿ' ಎನ್ನುತ್ತಿದ್ದರು. ಗೇಟಿನ ಬಳಿ ಸಿಕ್ಕಾಗ ಕೇಳಿದೆ. "ಹೌದು ಬಾಯಿ, ನಾಯಿಯೇ. ಕಟ್ಟಿ ಹಾಕ್ಲಿಕ್ಕೆ ಹೇಳ್ತೇನೆ," ಎಂದರು. ನನ್ನ ಮುಖ ನೋಡಲಿಲ್ಲ. ಮರುದಿನದಿಂದ ರಿಯಾ 'ನಾಯಿ'ಗೆಂದು ಗೋಡೆ ಬದಿಯಲ್ಲಿ ಕೋಳಿ ಎಲುಬು ಇಡತೊಡಗಿದಳು. ನಾನು ತಡೆಯಲಿಲ್ಲ.

ಅಲ್ಲಿ ವಾರದ ರಜೆ ಶುಕ್ರವಾರ; ಆ ಶುಕ್ರವಾರ ಚರ್ಚಿಗೆ ಹೊರಟಿದ್ದೆವು. ಬಿಳಿ ಫ್ರಾಕು ಹಾಕಿದ್ದ ರಿಯಾ ಮರಳಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ಅವಳಿಂದ ನಾಲ್ಕೇ ಮಾರು ದೂರ, ನೀರಿನ ಟ್ಯಾಂಕಿನ ನೆರಳಿನಲ್ಲಿ, ಚೀತಾ ನಿಂತಿತ್ತು. ಕಣ್ಣಿಂದ ಬಾಯಿವರೆಗೆ ಇಳಿದ ಕಪ್ಪು ಗೆರೆ, ಕೊರಳಲ್ಲಿ ಕಡಿದ ಹಗ್ಗ.

ಬೆಕ್ಕಿನ ಜಾತಿಯಲ್ಲಿ ಉಗುರು ಪೂರ್ತಿ ಒಳಗೆಳೆಯಲಾಗದ್ದು ಚೀತಾ. ಪರೀಕ್ಷೆಯಲ್ಲಿ ಬರೆದು ಮಾರ್ಕು ತೆಗೆದದ್ದು ಆಗ ನೆನಪಾಯಿತು!

"ರಿಯಾ, ಓಡ್ಬೇಡ. ಮೆಲ್ಲ ಎದ್ದು ನಿಲ್ಲು."

"ಬಟ್ ಮಮ್ಮಿ, ಹಿ ಈಸ್ ಹಂಗ್ರಿ."

ಅದರ ಮೇಲಿಂದ ಕಣ್ಣು ತೆಗೆಯದೆ ಹೆಜ್ಜೆ ಹೆಜ್ಜೆಯಾಗಿ ಹೋಗಿ ಅವಳನ್ನು ಎತ್ತಿಕೊಂಡೆ. ಹಿಂದಕ್ಕೇ ನಡೆದು ಬಾಗಿಲು ಹಾಕಿಕೊಂಡೆ. ಕಿಟಕಿಯಿಂದ ನೋಡುವಷ್ಟರಲ್ಲಿ ಹಮೀದಾಕ ಗೋಡೆ ಹಾರಿ ಬಂದರು, ಕೈಯಲ್ಲಿ ಮಾಂಸ. "ಯಲ್ಲಾ, ಯಲ್ಲಾ," ಎಂದು ಹಗ್ಗ ಹಿಡಿದು ಎಳೆದೊಯ್ದರು. ಅದು ಅವರ ದಿನದ ಕೆಲಸವೆಂದು ನೋಡಿದರೇ ತಿಳಿಯುತ್ತಿತ್ತು.

ಮಧ್ಯಾಹ್ನ ಗೇಟಿಗೆ ಹೋಗಿ ಕೂಗಿದೆ. "ನಾಯಿ ಅಂದದ್ದಲ್ವಾ ನೀವು?"

"ಎಂತ ಮಾಡುದು ಬಾಯಿ? ಹೇಳ್ಬೇಡ ಅಂತ ಅರಬಾಬ್ ಹೇಳಿದ್ರು, ವಿಲ್ಲಾದ ಧಣಿ. ಪಾಸ್‌ಪೋರ್ಟ್ ಅವರ ಕೈಯಲ್ಲುಂಟು. ಅದು ಪಾಪದ್ದು, ಮಕ್ಕಳಿಗೆ ಎಂತ ಮಾಡುದಿಲ್ಲ."

"ನಿಮ್ಮ ಮಗಳಾಗಿದ್ರೆ ಹೀಗೇ ಹೇಳ್ತಿದ್ರಾ?"

ನನ್ನ ಗಂಡ ಕೈ ಹಿಡಿದೆಳೆದರು. "ಖಲಾಸ್, ಬಿಡು ಮಾರಾಯ್ತಿ. ಮುನಿಸಿಪಾಲಿಟಿಯವರು ಬಂದ್ರೆ ಮೊದಲು ಹೋಗುದು ನಮ್ಮ ಮನೆ."

ಆದರೂ ನಾನು ಮುನಿಸಿಪಾಲಿಟಿಗೆ ಫೋನ್ ಮಾಡಿದೆ. ಚೀತಾವನ್ನು ಕೊಂಡೊಯ್ದರು. ಹಮೀದಾಕನ ಕೆಲಸ ಹೋಯಿತು. ಎರಡೇ ವಾರದಲ್ಲಿ ನಮ್ಮ ಐದೂ ಸಂಸಾರ ಬೀದಿಗೆ ಬಂತು. ಉಳಿದ ನಾಲ್ಕು ಮನೆಯವರು ಇಂದಿಗೂ ನನ್ನೊಡನೆ ಮಾತಾಡುವುದಿಲ್ಲ. ಅವರ ಮಕ್ಕಳೂ ಆ ಮರಳಿನಲ್ಲೇ ಆಡುತ್ತಿದ್ದರು ಎನ್ನುವುದು ಅವರಿಗೆ ಲೆಕ್ಕಕ್ಕಿಲ್ಲ! ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಹಮೀದಾಕನ ಮೇಲಿನ ಸಿಟ್ಟೂ ಇಳಿದಿಲ್ಲ. ಆದರೆ ಬೈಯಲು ಬಾಯಿ ತೆರೆದಾಗಲೆಲ್ಲ, ಅಂದು ಬಾಗಿಲ ಹಿಂದೆ ನನ್ನ ಕುತ್ತಿಗೆಗೆ ಜೋತುಬಿದ್ದು ರಿಯಾ ಹೇಳಿದ ಮಾತು ಕೇಳಿಸುತ್ತದೆ.

"ಮಮ್ಮಿ, ಯು ಸೆಡ್ ಡಾಗ್."